ಒಂದೊಂದಾಗಿ ಕಾಣದ್ದು

ಬಸವನಗುಡಿಯಲ್ಲೊಂದು ಹಳೆಯ ಮನೆ. ನಡುಮನೆಯ ನೆಲ ಕೆಂಪು, ರೆಡ್ ಆಕ್ಸೈಡಿನದು, ಮನೆ ಕಟ್ಟಿದಾಗ ಹಾಕಿದ್ದು. ನೆಲದಡಿಯ ಪೈಪು ಸೋರಿ, ಅದನ್ನು ಹುಡುಕಿ ಅಗೆದವರು ಒಂದು ಚಾಪೆಯಷ್ಟು ಜಾಗವನ್ನು ಒಡೆದು ಹೋಗಿದ್ದರು. ಮಕ್ಕಳಿಗೆ ಎಲ್ಲವನ್ನೂ ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕಿಸುವ ಯೋಚನೆ. ತಾಯಿಗೆ ಇಷ್ಟವಿಲ್ಲ, ಇಷ್ಟವಿಲ್ಲವೆಂದು ಬಾಯಿಬಿಟ್ಟು ಹೇಳಿ ಮಕ್ಕಳ ಮನಸ್ಸು ಮುರಿಯಲೂ ಇಷ್ಟವಿಲ್ಲ. ಎರಡೂ ಬಗೆಯಲ್ಲಿ ಮನೆ ಹೇಗೆ ಕಂಡೀತು ಎಂದು ಚಿತ್ರ ಮಾಡಿ ತೋರಿಸಲು ನನ್ನನ್ನು ಕರೆದರು. ಇನ್ನೂ ಆಗಿಲ್ಲದ ಕೋಣೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಫೋಟೋ ತೆಗೆದಂತೆ ತೋರಿಸುವುದು ನನ್ನ ಕಸುಬು. ರೆಂಡರ್ ಎನ್ನುತ್ತೇವೆ ನಾವು.

ಟೈಲ್ಸಿನ ಚಿತ್ರ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಕೆಂಪು ನೆಲದ್ದನ್ನು ಮರುದಿನ ತೋರಿಸಿದೆ. ಆ ನೆಲದ ಫೋಟೋ ತೆಗೆದು ಅದರಿಂದಲೇ ಬಣ್ಣ ಎತ್ತಿ ಹಾಕಿದ್ದೆ. ಅಮ್ಮ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಕಣಪ್ಪ" ಎಂದರು. ಸ್ವಲ್ಪ ತಡೆದು, "ಆದರೆ ಇದು ನಮ್ಮ ನೆಲ ಅಲ್ಲ" ಎಂದರು.

"ಬಣ್ಣ ಬೇರೆ ಅನ್ನಿಸ್ತಾ ಅಮ್ಮ?"

"ಬಣ್ಣ ಅದೇ. ನೆಲ ಅದಲ್ಲ."

ಆ ಎರಡು ಪುಟ್ಟ ವಾಕ್ಯಗಳ ನಡುವೆ ಇರುವುದೇನು ಎಂದು ಹುಡುಕುವುದರಲ್ಲಿ ಹತ್ತು ದಿನ ಕಳೆದವು. ಹುಡುಕಿದ್ದು ಚಿತ್ರಕ್ಕಾಗಿಯೇ. ಆದರೆ ಸಿಕ್ಕಿದ್ದರಲ್ಲಿ ಅರ್ಧ ಚಿತ್ರಕ್ಕೆ ಸೇರಿದ್ದಲ್ಲ.

ನಮ್ಮ ತಂತ್ರಾಂಶಗಳಲ್ಲಿ ಯಾವ ಮೆಟೀರಿಯಲ್ ಆರಿಸಿದರೂ ಅದು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದು ಪುಟ್ಟ ಗೋಲದ ಮೇಲೆ. ಮರ, ಗಾಜು, ಹಿತ್ತಾಳೆ, ರೇಷ್ಮೆ, ಕಾಂಕ್ರೀಟು, ಎಲ್ಲಕ್ಕೂ ಅದೇ ಗೋಲ. ಇದಕ್ಕೆ ಒಳ್ಳೆಯ ಕಾರಣವಿದೆ. ಗೋಲದ ಮೈ ನಡುವಿನಲ್ಲಿ ನಮಗೆ ನೇರವಾಗಿ ಮುಖ ಮಾಡಿರುತ್ತದೆ, ಅಂಚಿಗೆ ಹೋದಂತೆ ಓರೆಯಾಗುತ್ತಾ ಕೊನೆಗೆ ಪೂರ್ತಿ ಪಕ್ಕಕ್ಕೆ ತಿರುಗುತ್ತದೆ. ಬೆಳಕು ನೇರ ಬಿದ್ದರೆ ಹೇಗೆ, ಸವರಿಕೊಂಡು ಹೋದರೆ ಹೇಗೆ ಎನ್ನುವುದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. 2003ರಲ್ಲಿ ಅಮೆರಿಕದ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಶೋಧನಾಲಯದಲ್ಲಿ 100 ನಿಜ ವಸ್ತುಗಳು ಬೆಳಕನ್ನು ಹೇಗೆ ಹಿಂದಿರುಗಿಸುತ್ತವೆ ಎಂದು ಅಳೆದಾಗಲೂ ಮಾದರಿಗಳೆಲ್ಲ ಗೋಲಗಳೇ ಆಗಿದ್ದವು.

ಹಾಗಾಗಿ ನಾನು ದಿನವಿಡೀ ನೋಡುವುದು ಗೋಲಗಳನ್ನು. ಗೋಲದ ಮೇಲೆ ನನ್ನ ಕೆಂಪು ನೆಲ ತುಂಬ ಸೊಗಸಾಗಿಯೇ ಇತ್ತು. ಅಮ್ಮ ಒಪ್ಪದೆ ಹೋದ ಮೇಲೆ ಅದನ್ನೇ ಮತ್ತೆ ಮತ್ತೆ ನೋಡಿದೆ. ಆಗ ಹೊಳೆದದ್ದು: ಈ ಗೋಲಕ್ಕೆ ಬಾಗಿಲಿಲ್ಲ. ಇದರ ಮೇಲೆ ಯಾರೂ ನಡೆದಿಲ್ಲ, ಯಾರೂ ಕೂತು ಅಕ್ಕಿ ಆರಿಸಿಲ್ಲ. ಇದರಲ್ಲಿ ಇಲ್ಲಿ, ಅಲ್ಲಿ ಎಂಬುದೇ ಇಲ್ಲ. ಎಲ್ಲ ಕಡೆಯೂ ಒಂದೇ. ವಸ್ತುವಿನ ಗುಣ ಇದೆ, ಅದು ಇದ್ದ ಜಾಗ ಇಲ್ಲ, ಅದರ ಮೇಲೆ ಹಾದುಹೋದ ಕಾಲ ಇಲ್ಲ.

ವಸ್ತುವಿನ ಗುಣವನ್ನು ಅಂಕಿಗಳಲ್ಲಿ ಹಿಡಿಯುವ ಈ ಕೆಲಸದ ಹಿಂದೆ ಒಬ್ಬ ಮನುಷ್ಯನ ಬದುಕಿದೆ, ಅದು ನನ್ನನ್ನು ಯಾವಾಗಲೂ ಕಾಡುತ್ತದೆ. ಬೂಯಿ ತುವಾಂಗ್ ಫಾಂಗ್ ಹುಟ್ಟಿದ್ದು 1942ರಲ್ಲಿ, ಹನೋಯಿಯಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಡಾಕ್ಟರೇಟ್ ಪಡೆದರು. ನುಣುಪಾದ ವಸ್ತುವಿನ ಮೇಲೆ ಬೆಳಕಿನ ಮಚ್ಚೆ ಚಿಕ್ಕದಾಗಿ, ಚುರುಕಾಗಿ ಬೀಳುತ್ತದೆ. ಮಂಕಾದ ವಸ್ತುವಿನ ಮೇಲೆ ಅದೇ ಮಚ್ಚೆ ಅಗಲವಾಗಿ ಹರಡುತ್ತದೆ. ಎಲ್ಲರೂ ದಿನವೂ ಕಾಣುವ ಈ ಸಂಗತಿಯನ್ನು ಅವರು ಒಂದು ಸರಳ ಸೂತ್ರಕ್ಕೆ ಇಳಿಸಿದರು. ಭೌತಶಾಸ್ತ್ರದ ನಿಯಮದಿಂದ ಹೊರಟು ಬಂದ ಸೂತ್ರವಲ್ಲ ಅದು, ಕಣ್ಣಿನಿಂದ ಹೊರಟು ಬಂದದ್ದು. ಲೇಖನ ಅಚ್ಚಾದದ್ದು 1975ರಲ್ಲಿ. ಅದೇ ವರ್ಷ, 32ನೆಯ ವಯಸ್ಸಿಗೆ, ಅವರು ತೀರಿಕೊಂಡರು. ಮುಂದಿನ ಹಲವು ದಶಕಗಳ ಕಾಲ ಲೋಕ ನೋಡಿದ ಕಂಪ್ಯೂಟರ್ ಚಿತ್ರಗಳಲ್ಲಿ ಎಲ್ಲೆಲ್ಲಿ ಒಂದು ಮಿನುಗು ಬಿತ್ತೋ ಅಲ್ಲಿ ಬಹುಪಾಲು ಅವರ ಸೂತ್ರವೇ ಇತ್ತು. ಒಂದು ಹೊಳಪನ್ನು ಅಷ್ಟು ಗಮನವಿಟ್ಟು ನೋಡಿದ ಕಣ್ಣು ಎಂದು ನೆನೆದಾಗ ನನಗೆ ಗೌರವ ಹುಟ್ಟುತ್ತದೆ.

ಈಗ ನಾವು ಬಳಸುವ ಸ್ಲೈಡರುಗಳ ಬಹುಪಾಲು ಬಂದದ್ದು ಡಿಸ್ನಿ ಸ್ಟುಡಿಯೋದಿಂದ. ಅಲ್ಲಿನ ಬ್ರೆಂಟ್ ಬರ್ಲಿ 2012ರಲ್ಲಿ ವಿವರಿಸಿದ ಮಾದರಿಯಲ್ಲಿ ಒಂದು ಮೂಲ ಬಣ್ಣ, ಜೊತೆಗೆ ಹತ್ತು ಸ್ಲೈಡರುಗಳು, ಒಂದೊಂದೂ 0 ಇಂದ 1ರವರೆಗೆ. ಕಲಾವಿದರಿಗೆ ಅರ್ಥವಾಗುವ ಹೆಸರುಗಳಿರಬೇಕು, ಸಂಖ್ಯೆ ಆದಷ್ಟು ಕಡಿಮೆಯಿರಬೇಕು ಎನ್ನುವುದು ಅವರ ನಿಯಮವಾಗಿತ್ತು. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ನಾನು ದಿನವೂ ತೆರೆಯುವ ಪಟ್ಟಿ ಅದರದೇ ವಂಶ. ಆ ಹತ್ತರಲ್ಲಿ ನನ್ನ ಕೈ ಅತಿ ಹೆಚ್ಚು ಹೋಗುವುದು ಒಂದಕ್ಕೆ: ರಫ್‌ನೆಸ್, ಒರಟುತನ. ಸೊನ್ನೆಯಾದರೆ ಕನ್ನಡಿ, ಒಂದಾದರೆ ಸುಣ್ಣದ ಗೋಡೆ. ಲೋಕದ ಬಹುಪಾಲು ಇರುವುದು ನಡುವೆ.

ಒರಟುತನ ಎಂದರೇನು? ಇದರ ಉತ್ತರ ತಿಳಿದ ದಿನದಿಂದ ಆ ಸ್ಲೈಡರನ್ನು ಹಗುರವಾಗಿ ಮುಟ್ಟಲು ನನಗೆ ಆಗಿಲ್ಲ. ಎಷ್ಟೇ ನುಣುಪಾಗಿ ಕಂಡರೂ ಒಂದು ಮೈಯನ್ನು ಬಹಳ ಹತ್ತಿರದಿಂದ ನೋಡಿದರೆ ಅದು ಬೆಟ್ಟಗುಡ್ಡಗಳ ನಾಡು. ಟಾರೆನ್ಸ್ ಮತ್ತು ಸ್ಪ್ಯಾರೋ ಎಂಬ ವಿಜ್ಞಾನಿಗಳು 1967ರಲ್ಲಿ ಆ ಇಳಿಜಾರುಗಳನ್ನು ಸಣ್ಣ ಸಣ್ಣ ಕನ್ನಡಿಗಳೆಂದು ಎಣಿಸಿದರು. ಒಂದೊಂದು ಕನ್ನಡಿಯೂ ಬೆಳಕನ್ನು ಕನ್ನಡಿಯಂತೆಯೇ ಹಿಂದಿರುಗಿಸುತ್ತದೆ. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿದ್ದರೆ ನಮಗೆ ಬಿಂಬ ಕಾಣುತ್ತದೆ. ಒಂದೊಂದು ಒಂದೊಂದು ಕಡೆಗೆ ತಿರುಗಿದ್ದರೆ ಬೆಳಕು ಚೆದರಿ ಮಂಕು ಕಾಣುತ್ತದೆ. ಆ ಕನ್ನಡಿಗಳಲ್ಲಿ ಒಂದನ್ನೂ ನಾವು ಕಾಣಲಾರೆವು, ಅವು ಅಷ್ಟು ಸಣ್ಣವು. ಅವೆಲ್ಲ ಸೇರಿ ಆದದ್ದನ್ನು ಮಾತ್ರ ಕಾಣುತ್ತೇವೆ, ಅದನ್ನು ಹೊಳಪು ಎನ್ನುತ್ತೇವೆ ಇಲ್ಲವೇ ಮಂಕು ಎನ್ನುತ್ತೇವೆ. ಒಂದೊಂದಾಗಿ ಕಾಣದ್ದರ ಒಟ್ಟು ಲೆಕ್ಕಕ್ಕೆ ಇಟ್ಟ ಹೆಸರು ಒರಟುತನ.

ಅಮ್ಮನ ನೆಲವನ್ನು ಒಂದು ಅಂಕಿಯಲ್ಲಿ ಹೇಳಿಬಿಟ್ಟಿದ್ದೆ: 0.3. ಇಡೀ ನಡುಮನೆಗೆ ಒಂದೇ ಅಂಕಿ.

ಕನ್ನಡಕ್ಕೆ ಈ ವ್ಯತ್ಯಾಸಗಳು ಬಹಳ ಹಿಂದೆಯೇ ಗೊತ್ತಿದ್ದವು ಎಂದು ನನಗೆ ಅನಿಸುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಕೊಳಗ ಥಳಥಳ ಎನ್ನುತ್ತದೆ. ಹೊಸ ಸ್ಟೀಲ್ ತಟ್ಟೆ ಫಳಫಳ. ಎಣ್ಣೆ ಸವರಿದ ಕರಿಕಲ್ಲಿನ ವಿಗ್ರಹ ಮಿರಮಿರ. ದೀಪದ ಬೆಳಕಿಗೆ ಜರಿಯಂಚು ಝಗಝಗ, ಊರಾಚೆಯ ಹಣತೆ ಮಿಣಮಿಣ. ಎಣ್ಣೆ ಸವರಿದ ಕಲ್ಲನ್ನು ಫಳಫಳ ಎಂದರೆ ಮಗುವೂ ತಿದ್ದುತ್ತದೆ. ಯಾವ ಮಚ್ಚೆ ಚುರುಕು, ಯಾವುದು ಹರಡಿದ್ದು, ಯಾವುದು ಅಲುಗಿದಾಗ ಮಾತ್ರ ಹೊಳೆಯುತ್ತದೆ, ಇದನ್ನೆಲ್ಲ ನಾಲಿಗೆ ಕಲಿತುಕೊಂಡಿದೆ. ಇದರ ಜೊತೆಗೆ ನಯ ಎಂಬ ಮಾತನ್ನು ಮರಕ್ಕೂ ಹೇಳುತ್ತೇವೆ, ಮನುಷ್ಯರ ನಡತೆಗೂ ಹೇಳುತ್ತೇವೆ. ಒರಟು ಎನ್ನುವುದನ್ನೂ ಹಾಗೆಯೇ. ಬರಿಯ ಅಲಂಕಾರಕ್ಕೆ ಹೀಗಾಯಿತೆಂದು ನಾನು ನಂಬಲಾರೆ. ಒಬ್ಬರ ನಡತೆ ನಯವೋ ಒರಟೋ ಎಂದು ಹೇಳುವಾಗಲೂ ಯಾವುದೋ ಒಂದು ಮಾತನ್ನು, ಒಂದು ಕೆಲಸವನ್ನು ಬೊಟ್ಟುಮಾಡಿ ತೋರಿಸಲು ಆಗುವುದಿಲ್ಲ. ನೆನಪಿಟ್ಟುಕೊಳ್ಳಲಾರದಷ್ಟು ಸಣ್ಣ ಸಂಗತಿಗಳ ಒಟ್ಟು ಅದು.

ಒಂದು ಗಾದೆಯೂ ಇದೆಯಲ್ಲ, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ನನ್ನ ಕೆಲಸದಲ್ಲಿ ಇದು ಅಕ್ಷರಶಃ ನಿಜ, ತೊಂದರೆ ಕೊಡುವ ನಿಜ. ದೂರದಲ್ಲಿರುವ ಮೈಯ ಚಿತ್ರವನ್ನು ಕಂಪ್ಯೂಟರ್ ಕುಗ್ಗಿಸಿ, ಸರಾಸರಿ ಮಾಡಿ ಬಳಸುತ್ತದೆ. ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ವಿವರಿಸಿದ ಮಿಪ್‌ಮ್ಯಾಪ್ ವಿಧಾನ ಇದು, ಇಂದಿಗೂ ಎಲ್ಲೆಡೆ ಇದೆ. ಉಬ್ಬುತಗ್ಗುಗಳ ನಕ್ಷೆಯನ್ನೂ ಹೀಗೆ ಸರಾಸರಿ ಮಾಡಿದಾಗ ಉಬ್ಬು ತಗ್ಗನ್ನು ಅಳಿಸಿ, ತಗ್ಗು ಉಬ್ಬನ್ನು ಅಳಿಸಿ, ಮೈ ಚಪ್ಪಟೆಯಾಗುತ್ತದೆ. ಆಗ ಹತ್ತಿರದಲ್ಲಿ ತರಿತರಿಯಾಗಿದ್ದ ಗೋಡೆ ದೂರದಲ್ಲಿ ಪಾಲಿಶ್ ಮಾಡಿದಂತೆ ಹೊಳೆಯತೊಡಗುತ್ತದೆ. ಸುಳ್ಳು ಹೊಳಪು ಅದು. ಇದನ್ನು ಸರಿಪಡಿಸಲು ಒಂದು ದಾರಿ: ಕಾಣದೆ ಹೋದ ಉಬ್ಬುತಗ್ಗುಗಳನ್ನು ಕಳೆದುಬಿಡದೆ ಒರಟುತನದ ಅಂಕಿಗೆ ಸೇರಿಸಬೇಕು. ಕಣ್ಣಿಗೆ ಸಿಗುವಷ್ಟು ದೊಡ್ಡದಾಗಿದ್ದಾಗ ಅದು ಆಕಾರ, ಸಿಗದಷ್ಟು ಸಣ್ಣದಾದಾಗ ಅದು ಗುಣ. ಎಲ್ಲಿಂದ ನೋಡುತ್ತೇವೆ ಎಂಬುದರ ಮೇಲೆ ಆ ಗೆರೆ ಸರಿಯುತ್ತದೆ. ಗಾದೆಯನ್ನು ನಾವು ಸಾಮಾನ್ಯವಾಗಿ ಎಚ್ಚರಿಕೆಯಾಗಿ ಹೇಳುತ್ತೇವೆ, ಹತ್ತಿರ ಹೋದರೆ ಕಲ್ಲುಮುಳ್ಳು ಎಂದು. ನನಗೆ ಈಗ ಅದು ಒಂದು ಹೊಣೆಯಂತೆ ಕೇಳುತ್ತದೆ. ದೂರದಿಂದ ನೋಡುವವನು, ತನಗೆ ಕಾಣದೆ ಹೋದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯ ದಿನ ಆ ಮನೆಗೆ ಮತ್ತೆ ಹೋದೆ. ನೆಲ ನೋಡಬೇಕು ಎಂದೆ. "ನೋಡಪ್ಪ, ನೆಲ ಎಲ್ಲಿಗೂ ಹೋಗಲ್ಲ" ಎಂದು ಅಮ್ಮ ಕಾಫಿಗೆ ನೀರಿಟ್ಟರು. ಮಧ್ಯಾಹ್ನ ನಾಲ್ಕರ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ನಿಂತು ನೋಡಿದರೆ ಕಾಲಬುಡದಲ್ಲಿ ನೆಲ ಮಂಕು ಕೆಂಪು. ಎದುರು ಗೋಡೆಯ ಹತ್ತಿರ ಅದೇ ನೆಲದಲ್ಲಿ ಕಿಟಕಿಯ ಸರಳುಗಳ ಬಿಂಬ. ಕೂತೆ, ಬಿಂಬ ಹತ್ತಿರ ಬಂತು. ಕೊನೆಗೆ ಕೆನ್ನೆ ನೆಲಕ್ಕೆ ತಾಗುವಂತೆ ಮಲಗಿದೆ. ನೆಲವೆಲ್ಲ ನೀರು ನಿಂತಂತೆ ಹೊಳೆಯಿತು.

ಇದಕ್ಕೆ ಕಾರಣ ಗೊತ್ತಿರುವುದೇ. ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಸುಮಾರು ಇನ್ನೂರು ವರ್ಷಗಳ ಹಿಂದೆ ಲೆಕ್ಕ ಕೊಟ್ಟಿದ್ದಾರೆ. ಗಾಜಿನಂಥ ವಸ್ತುವಿನ ಮೇಲೆ ಬೆಳಕು ನೇರವಾಗಿ ಬಿದ್ದರೆ ಅದರ ಮೈಯಿಂದ ಹಿಂದಿರುಗುವುದು ನೂರರಲ್ಲಿ ಸುಮಾರು 4 ಪಾಲು, ನೀರಿನಿಂದ ಸುಮಾರು 2, ವಜ್ರದಿಂದ 17. ಬೆಳಕು ಓರೆಯಾದಷ್ಟೂ ಪಾಲು ಏರುತ್ತದೆ, ಮೈಯನ್ನು ಸವರಿಕೊಂಡು ಹೋಗುವಾಗ ಸುಮಾರು ನೂರಕ್ಕೆ ನೂರು. ಮಲಗಿ ನೋಡುವವನಿಗೆ ಪುಸ್ತಕದ ಹಾಳೆಯೂ ಸ್ವಲ್ಪ ಕನ್ನಡಿ. ಲೆಕ್ಕ ನಾನು ಓದಿದ್ದೆ, ತಂತ್ರಾಂಶ ಅದನ್ನು ತಾನೇ ಮಾಡುತ್ತದೆ. ಆದರೆ ನನ್ನ ಚಿತ್ರದ ಕ್ಯಾಮೆರಾವನ್ನು ನಾನು ಇಟ್ಟದ್ದು ಐದೂವರೆ ಅಡಿ ಎತ್ತರದಲ್ಲಿ, ಬಾಗಿಲಲ್ಲಿ ನಿಂತ ಅತಿಥಿಯ ಕಣ್ಣಿನ ಎತ್ತರದಲ್ಲಿ. ಅಮ್ಮ ಈ ನೆಲವನ್ನು ಹಾಗೆ ನೋಡಿದವರೇ ಅಲ್ಲ. ಸೊಪ್ಪು ಬಿಡಿಸುತ್ತಾ ಕೂತು ನೋಡಿದವರು, ಬೇಸಿಗೆಯ ಮಧ್ಯಾಹ್ನ ತಂಪಿಗೆಂದು ಬರಿನೆಲದ ಮೇಲೆ ಮಲಗಿ ನೋಡಿದವರು, ಬಗ್ಗಿ ಒರೆಸುತ್ತಾ ನೋಡಿದವರು. ಅವರು ಬಲ್ಲ ನೆಲ ಹೊಳೆಯುವ ನೆಲ. ನಾನು ತೋರಿಸಿದ್ದು ನಿಂತು ಕಂಡ ಮಂಕು ನೆಲ. ಚಿತ್ರದಲ್ಲಿ ತಪ್ಪಿದ್ದದ್ದು ಮೊದಲಿಗೆ ಮೆಟೀರಿಯಲ್ಲೇ ಅಲ್ಲ, ನನ್ನ ಭಂಗಿ.

ಕಾಫಿ ಕುಡಿಯುವಾಗ ಲ್ಯಾಪ್‌ಟಾಪ್ ತೆರೆದು ಹಳೆಯ ಚಿತ್ರವನ್ನು ಮತ್ತೆ ತೋರಿಸಿದೆ. ಈ ಸಲ ಅಮ್ಮ ಬೇರೆ ಮಾತು ಹೇಳಿದರು. "ಗೋಡೆ ತುಂಬಾ ಬಿಳಿ ಆಯ್ತಪ್ಪ. ನಮ್ಮ ಮನೇಲಿ ಯಾವ ಬಿಳೀನೂ ಅಷ್ಟು ಬಿಳಿ ಇರಲ್ಲ." ತಲೆ ಎತ್ತಿ ನೋಡಿದೆ. ಸುಣ್ಣ ಬಳಿದ ಗೋಡೆ ಸೊಂಟದೆತ್ತರದವರೆಗೆ ತೆಳುವಾಗಿ ಕೆಂಪೇರಿತ್ತು. ನೆಲದ ಮೇಲೆ ಬಿದ್ದ ಬಿಸಿಲು ಕೆಂಪನ್ನು ಹೊತ್ತು ಗೋಡೆಗೆ ಹಾರಿತ್ತು. ಅಮ್ಮನ ಬಿಳಿ ಸೀರೆಯ ನೆರಿಗೆಯ ಕೆಳಭಾಗಕ್ಕೂ ಅದೇ ಬಣ್ಣ.

ವಸ್ತು ತನ್ನಷ್ಟಕ್ಕೆ ತಾನು ಇರುವುದಿಲ್ಲ ಎಂಬ ಈ ಪಾಠವನ್ನು ನಮ್ಮ ಕ್ಷೇತ್ರ ಒಂದು ಪೆಟ್ಟಿಗೆಯಿಂದ ಕಲಿತಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಬಣ್ಣದ ಪಕ್ಕಗೋಡೆಗಳಿರುವ ಸರಳ ಪೆಟ್ಟಿಗೆಯೊಂದರ ಚಿತ್ರವನ್ನು 1984ರಲ್ಲಿ ಲೆಕ್ಕದಿಂದ ಬಿಡಿಸಿದರು. ಮೇಲೆ ಹೇಳಿದ ಟಾರೆನ್ಸ್ ಆ ತಂಡದಲ್ಲೂ ಇದ್ದರು. ಗೋಡೆಯ ಬಣ್ಣ ಪಕ್ಕದ ಬಿಳಿಯ ಮೇಲೆ ಚೆಲ್ಲುವುದು ಆ ಲೆಕ್ಕದಲ್ಲಿ ತಾನಾಗಿ ಮೂಡಿತು. ಅಂಥ ಪೆಟ್ಟಿಗೆಯನ್ನು ನಿಜವಾಗಿ ಕಟ್ಟಿ, ಚಿತ್ರವನ್ನೂ ಪೆಟ್ಟಿಗೆಯನ್ನೂ ಹೋಲಿಸಿ ನೋಡುವ ಪದ್ಧತಿಯನ್ನು ಬೆಳೆಸಿದವರೂ ಅವರೇ. ಲೆಕ್ಕ ಎಷ್ಟೇ ಸರಿಯಿದ್ದರೂ ನಿಜದ ಪಕ್ಕ ಇಟ್ಟು ನೋಡಬೇಕು ಎನ್ನುವ ಆ ವಿನಯ ನನಗೆ ತುಂಬ ಹಿಡಿಸುತ್ತದೆ. ನಾನು ಮಾತ್ರ ನನ್ನ ಕೆಲಸದ ವೇಗಕ್ಕಾಗಿ ಬೆಳಕು ಗೋಡೆಯಿಂದ ಗೋಡೆಗೆ ನೆಗೆಯುವ ಸಲಗಳನ್ನು ಕಡಿಮೆ ಮಾಡಿ ಇಟ್ಟಿದ್ದೆ. ಅದಕ್ಕೇ ನನ್ನ ಗೋಡೆ ಅಷ್ಟು ಬಿಳಿ.

ರೇಷ್ಮೆ ಸೀರೆ ಕೊಳ್ಳಲು ಹೋದ ನಮ್ಮ ಹೆಂಗಸರು ಅಂಗಡಿಯ ಟ್ಯೂಬ್‌ಲೈಟನ್ನು ನಂಬುವುದಿಲ್ಲ. ಸೀರೆಯನ್ನು ಬಾಗಿಲವರೆಗೆ ಒಯ್ದು, ಸೆರಗನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಮುದುರಿ, ಕೈಮೇಲೆ ಹಾಕಿಕೊಂಡು ನೋಡುತ್ತಾರೆ. ಮೆಟೀರಿಯಲ್ ಪ್ರಿವ್ಯೂ ಎಂಬುದರ ಪೂರ್ಣ ವಿಧಾನ ಇದು, ಇದಕ್ಕಿಂತ ಹೆಚ್ಚಿನದು ತಂತ್ರಾಂಶದಲ್ಲೂ ಇಲ್ಲ. ಬೆಳಕು ಬದಲಿಸು, ಕೋನ ಬದಲಿಸು, ಚಪ್ಪಟೆಯಾಗಿಟ್ಟು ನಂಬಬೇಡ, ಪಕ್ಕದಲ್ಲಿ ನಿನ್ನ ಮೈಬಣ್ಣ ಇಟ್ಟು ನೋಡು. ಪಾಲ್ ಡೆಬೆವೆಕ್ 1998ರಲ್ಲಿ ತೋರಿಸಿಕೊಟ್ಟಂತೆ, ಒಂದು ಜಾಗದ ಸುತ್ತಲ ಬೆಳಕನ್ನೆಲ್ಲ ಕನ್ನಡಿ ಗುಂಡಿನ ಫೋಟೋದಲ್ಲಿ ಹಿಡಿದು ತಂದು ಅದರಿಂದಲೇ ದೃಶ್ಯಕ್ಕೆ ಬೆಳಕು ಕೊಡಬಹುದು. ತಂತ್ರಾಂಶದ ಜೊತೆ ಬರುವ ತಯಾರು ಬೆಳಕುಗಳಲ್ಲಿ ಸ್ಟುಡಿಯೋ ಇದೆ, ಕಾಡು ಇದೆ, ಸಂಜೆ ಇದೆ. ಬಸವನಗುಡಿಯ ನಾಲ್ಕು ಗಂಟೆ ಇಲ್ಲ. ಅದನ್ನು ನಾನೇ ಹಿಡಿದು ತಂದೆ.

ಇಷ್ಟಾದ ಮೇಲೆ ಉಳಿದದ್ದು ಆ ಒಂದೇ ಅಂಕಿ, 0.3.

ಇಲ್ಲಿ ಒಂದು ಸುಲಭದ ದಾರಿ ಇದೆ, ನಾವೆಲ್ಲ ಹಿಡಿಯುವ ದಾರಿ. ಗೀರುಗಳು, ಬೆರಳಚ್ಚುಗಳು, ಒರೆಸಿದ ಗುರುತುಗಳು, ಧೂಳು, ಇವೆಲ್ಲ ಚಿತ್ರಗಳ ರೂಪದಲ್ಲಿ ಸಿಗುತ್ತವೆ. ಒರಟುತನದ ಸ್ಲೈಡರಿಗೆ ಅಂಥ ಒಂದು ಚಿತ್ರವನ್ನು ಜೋಡಿಸಿದರೆ ಸಾಕು, ಗೋಲದ ಮೇಲಿನ ಹೊಳಪು ಅಲ್ಲಲ್ಲಿ ಕದಡಿ, ವಸ್ತು ತಟ್ಟನೆ ನಿಜವಾಗಿಬಿಡುತ್ತದೆ. ಆ ಕ್ಷಣ ಪ್ರತಿ ಸಲವೂ ನನ್ನನ್ನು ಬೆರಗುಗೊಳಿಸುತ್ತದೆ. ದೋಷ ಸೇರಿದೊಡನೆ ಕಣ್ಣು ನಂಬುತ್ತದೆ. ಯಾಕೆಂದರೆ ಲೋಕದಲ್ಲಿ ನಾವು ಮುಟ್ಟಿದ ವಸ್ತುಗಳೆಲ್ಲ ಮೊದಲೇ ಯಾರೋ ಮುಟ್ಟಿದವು, ಏನೋ ತಾಗಿದವು. ಯಾವುದೂ ತಾಗದ ವಸ್ತುವನ್ನು ನಾವು ಕಂಡಿಲ್ಲ.

ಆದರೆ ಅಮ್ಮನ ನೆಲಕ್ಕೆ ಹಾಗೆ ಒಂದು ಚಿತ್ರ ಜೋಡಿಸಿ ನೋಡಿ, ತೆಗೆದುಬಿಟ್ಟೆ. ಅದು ಯಾವುದೋ ದೇಶದ ಯಾವುದೋ ಕಾರ್ಖಾನೆಯ ನೆಲದ ಗೀರು. ಚಿತ್ರ ನಿಜದಂತೆ ಕಂಡಿತು, ಆ ಮನೆಗೆ ನಿಜವಾಗಿರಲಿಲ್ಲ. ಬೇರೆಯವರ ಸವೆತವನ್ನು ತಂದು ಒಬ್ಬರ ಬದುಕಿನ ಕೆಳಗೆ ಹಾಸಿದಂತೆ. ಕಣ್ಣು ನಂಬಿದರೆ ಸಾಕು ಎನ್ನುವುದಾದರೆ ನನ್ನ ಕಸುಬು ಅಲ್ಲಿಗೆ ಮುಗಿಯುತ್ತದೆ. ಮುಗಿಯಬಾರದು ಎಂದು ನನಗೆ ಬಲವಾಗಿ ಅನಿಸಿತು.

ಹಾಗಾಗಿ ಅಮ್ಮನನ್ನೇ ಕೇಳಿದೆ. ಅವರು ಕೂತಲ್ಲಿಂದಲೇ ಕೈ ತೋರಿಸುತ್ತಾ ಹೋದರು, ನಾನು ಹಾಳೆಯ ಮೇಲೆ ನಡುಮನೆಯ ನಕ್ಷೆ ಬರೆದು ಗುರುತು ಹಾಕಿಕೊಂಡೆ. ದೇವರ ಮನೆಯಿಂದ ಅಡುಗೆಮನೆಗೆ ಹೋಗುವ ದಾರಿ, ಎಲ್ಲಕ್ಕಿಂತ ನುಣುಪು. ಎಲೆ ಹಾಕುತ್ತಿದ್ದ ಸಾಲು, ಅಲ್ಲಿ ಗೋಡೆಗುಂಟ ಮಣೆಗಳು ಉಜ್ಜಿದ ಗೀರು. ತೂಗುಮಣೆಯ ಕೆಳಗೆ ಕಾಲಿನಿಂದ ತಳ್ಳುತ್ತಿದ್ದ ಜಾಗ, ಎರಡು ಪುಟ್ಟ ಹೊಳಪಿನ ಮಚ್ಚೆಗಳು. ತೂಗುಮಣೆ ತೆಗೆದು ಬಹಳ ಕಾಲವಾಗಿದೆ. ಬಾಗಿಲ ಬಳಿ ತೇವಕ್ಕೆ ಬಿಳಿ ಎದ್ದು ಒರಟಾದ ಅಂಚು. ಬೀರು ಇದ್ದ ಚೌಕ, ಅಲ್ಲಿ ಯಾರೂ ನಡೆಯದೆ ನೆಲ ಮೊದಲಿನ ಹಾಗೇ ಉಳಿದು, ಈಗ ಸುತ್ತಲಿಗಿಂತ ಮಂಕು.

ಆ ಚೌಕವನ್ನು ನೋಡುತ್ತಾ ನಾನು ಬಹಳ ಹೊತ್ತು ಕೂತೆ. ಸವೆತ ಎಂದರೆ ಹಾಳಾಗುವುದು ಎಂದೇ ತಿಳಿದಿದ್ದೆ. ಈ ನೆಲದಲ್ಲಿ ಹಾಗಲ್ಲ. ಮೇಸ್ತ್ರಿ ಕರಣೆಯಿಂದ ಉಜ್ಜಿ ಒಂದಿಷ್ಟು ನಯ ಕೊಟ್ಟು ಹೋಗಿದ್ದ. ಉಳಿದ ನಯವನ್ನು ಕೊಟ್ಟದ್ದು ಕಾಲುಗಳು, ಒದ್ದೆ ಬಟ್ಟೆ, ಬರಿಗಾಲಿನ ಎಣ್ಣೆಯಂಶ. ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆಗೆ ಅರಗು ಹಚ್ಚುವುದನ್ನು ಹಿಂದೆ ನೋಡಿದ್ದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಬಣ್ಣ ಮೆತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ಗರಿಯನ್ನು ಮಡಿಸಿ ಒತ್ತಿ ಹಿಡಿಯುತ್ತಾರೆ, ಕಣ್ಣೆದುರಿಗೆ ಮಂಕು ಮಿರುಗಾಗುತ್ತದೆ. ಕೆಲಸಗಾರ ಎಲ್ಲಿ ನಿಲ್ಲಿಸಬೇಕೆಂದು ಹೊಳಪನ್ನು ನೋಡಿಯೇ ತಿಳಿಯುತ್ತಾನೆ. ಒಂದು ನಿಮಿಷದೊಳಗೆ ಅವನ ಕೈ ಮಾಡುವುದನ್ನು ಈ ನಡುಮನೆಯಲ್ಲಿ ಒಂದು ಸಂಸಾರ ಹಲವು ದಶಕ ಮಾಡಿತ್ತು. ನಿಲ್ಲಿಸಬೇಕೆಂದಾಗಲಿ ಮಾಡಬೇಕೆಂದಾಗಲಿ ಯಾರೂ ಅಂದುಕೊಂಡಿರಲಿಲ್ಲ. ಯಾವ ಒಂದು ಹೆಜ್ಜೆಯ ಗುರುತೂ ಅಲ್ಲಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಎಲ್ಲ ಹೆಜ್ಜೆಗಳೂ ಒಟ್ಟಿಗೆ ಕಾಣುತ್ತವೆ.

ನಕ್ಷೆಯನ್ನು ಕಪ್ಪುಬಿಳುಪಿನ ಚಿತ್ರವಾಗಿ ಬಿಡಿಸಿದೆ. ಕಪ್ಪು ಎಂದರೆ ನುಣುಪು, ಬಿಳಿ ಎಂದರೆ ಒರಟು. ದೇವರ ಮನೆಯ ದಾರಿಗೆ 0.22, ಬೀರುವಿನ ಚೌಕಕ್ಕೆ 0.45, ಬಾಗಿಲಂಚಿಗೆ 0.6. ಅಂಕಿಗಳು ಅಂದಾಜಿನವು, ಕಣ್ಣಿನಿಂದ ನೆಲಕ್ಕೂ ತೆರೆಗೂ ಹತ್ತಾರು ಸಲ ಓಡಾಡಿ ಹೊಂದಿಸಿದವು.

ಒಡೆದ ಜಾಗ ಬಾಕಿಯಿತ್ತು. ಮಕ್ಕಳ ಕೋರಿಕೆ ಸ್ಪಷ್ಟವಾಗಿತ್ತು: ರಿಪೇರಿ ಆದ ಮೇಲೆ ಹೇಗೆ ಕಾಣುತ್ತದೆ ತೋರಿಸಿ. ತೆರೆಯ ಮೇಲೆ ಅದನ್ನು ಇಲ್ಲವಾಗಿಸುವುದು ಎರಡು ನಿಮಿಷದ ಕೆಲಸ. ಹಾಗೆ ಮಾಡಿದ್ದರೆ ಅಮ್ಮನ ಆಸೆಗೆ ಅನುಕೂಲವೂ ಆಗುತ್ತಿತ್ತು, ಮಕ್ಕಳು ಬಹುಶಃ ಅಲ್ಲೇ ಒಪ್ಪಿಬಿಡುತ್ತಿದ್ದರು. ಆ ಆಸೆ ನನ್ನಲ್ಲೂ ಬಲವಾಗಿತ್ತು. ಹಳೆಯ ನೆಲದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಅವರು ಮಂಡಿಯೂರಿ ಒಡೆದ ಅಂಚನ್ನು ಬೆರಳಿನಿಂದ ಸವರಿದರು. "ಬಣ್ಣ ಹೊಂದಿಸ್ಬೋದು ಸಾರ್. ತೇಪೆ ಕಂಡೇ ಕಾಣತ್ತೆ. ಆಮೇಲೆ ತುಳೀತಾ ತುಳೀತಾ ಒಂದಾಗಬೇಕು."

ರೆಂಡರ್ ಎನ್ನುವುದು ಇನ್ನೂ ಆಗದ್ದರ ಬಗ್ಗೆ ಕೊಡುವ ಮಾತು. ಕೇಳುವವರು ಅದನ್ನು ಫೋಟೋ ಎಂದೇ ನಂಬುತ್ತಾರೆ, ಅಷ್ಟು ನಂಬಿಸುವ ಶಕ್ತಿ ಅದಕ್ಕಿದೆ. ಬಾಯಿಮಾತಿನ ಭರವಸೆಯಲ್ಲಿ ಅನುಮಾನಕ್ಕೆ ಜಾಗ ಇರುತ್ತದೆ, ಚಿತ್ರದಲ್ಲಿ ಇರುವುದಿಲ್ಲ. ನಿಜದಂತೆ ತೋರಿಸುವ ಕೌಶಲ ಬೆಳೆದಷ್ಟೂ ನಿಜವನ್ನೇ ತೋರಿಸಬೇಕಾದ ಹೊರೆ ಬೆಳೆಯುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ಮುಗಿಲ ಬೆಳಕಿನಲ್ಲಿ ಮಿಂದ, ಸಾಮಾನಿಲ್ಲದ, ಮನುಷ್ಯರು ಮುಟ್ಟದ ಕೋಣೆಗಳನ್ನು ತೋರಿಸಿ, ಬೀಗದ ಕೈ ಕೊಟ್ಟ ದಿನ ಜನರ ಮುಖ ಸಪ್ಪಗಾಗುವುದನ್ನು ನಾನು ಕಂಡಿದ್ದೇನೆ. ಆ ಸಪ್ಪೆಮುಖಗಳಲ್ಲಿ ನನ್ನ ಪಾಲೂ ಇತ್ತು.

ತೇಪೆಯನ್ನು ಚಿತ್ರದಲ್ಲಿ ಇಟ್ಟೆ. ಬಣ್ಣ ಒಂದು ಎಳೆಯಷ್ಟು ಗಾಢ, ಒರಟುತನ 0.55. ಸುತ್ತಲ ಹಳೆಯ ಮಿರುಗಿನ ನಡುವೆ ಅದು ಒಂದು ಹಾಸಿದ ಚಾಪೆಯಂತೆ ಎದ್ದು ಕಾಣುತ್ತಿತ್ತು. ಕ್ಯಾಮೆರಾವನ್ನು ಕೂತವರ ಕಣ್ಣಿನ ಎತ್ತರಕ್ಕೆ ಇಳಿಸಿದೆ. ಬೆಳಕಿನ ನೆಗೆತಗಳನ್ನು ಹೆಚ್ಚಿಸಿದೆ. ಗೋಡೆ ಕೆಂಪೇರಲು ರಾತ್ರಿಯಿಡೀ ಹಿಡಿಯಿತು.

ಎಲ್ಲರೂ ಸೇರಿ ನೋಡಿದರು. ಮಗನಿಗೆ ತೇಪೆ ಕಂಡ ಕೂಡಲೇ ಹಣೆ ಗಂಟಾಯಿತು. "ಇದು ಹೀಗೇ ಕಾಣತ್ತಾ?" ಎಂದರು. ಹೀಗೇ ಕಾಣುತ್ತದೆ ಎಂದೆ. ಅಮ್ಮ ತೆರೆಯ ಹತ್ತಿರ ಮುಖ ತಂದರು. ತೇಪೆಯ ಬಗ್ಗೆ ಏನೂ ಹೇಳಲಿಲ್ಲ. ಎರಡು ಪುಟ್ಟ ಹೊಳಪಿನ ಮಚ್ಚೆಗಳಿದ್ದ ಕಡೆ ಬೆರಳಿಟ್ಟು, "ಇಲ್ಲಿ ನಿಮ್ಮಪ್ಪ ಕೂತ್ಕೋತಿದ್ರು" ಎಂದು ಮಗಳಿಗೆ ಹೇಳಿದರು. ಮಗಳು ಆ ಜಾಗವನ್ನು ಮೊದಲು ಚಿತ್ರದಲ್ಲಿ ನೋಡಿ, ಆಮೇಲೆ ಎದ್ದು ಹೋಗಿ ನೆಲದಲ್ಲಿ ನೋಡಿದರು.

ಟೈಲ್ಸ್ ಹಾಕಿಸಲಿಲ್ಲ. ತೇಪೆ ಹಾಕಿದರು. ಅದು ಚಿತ್ರದಲ್ಲಿದ್ದಷ್ಟೇ ಎದ್ದು ಕಂಡಿತು, ಸ್ವಲ್ಪ ಹೆಚ್ಚೇ. ಅದು ಅಡುಗೆಮನೆಯ ಬಾಗಿಲಿಗೆ ಹತ್ತಿರ, ದಿನಕ್ಕೆ ಹತ್ತಾರು ಸಲ ದಾಟುವ ಜಾಗ.

ಆ ಫೈಲನ್ನು ನಾನು ಇಟ್ಟುಕೊಂಡಿದ್ದೇನೆ. ಆ ಕಡೆ ಹೋದಾಗ ಮನೆಯೊಳಗೆ ಹೋಗಿ, ಕಾಫಿ ಆಗುವವರೆಗೆ ನೆಲದ ಮೇಲೆ ಕೂತು, ತಲೆಯನ್ನು ಬದಿಗೆ ಬಾಗಿಸಿ ತೇಪೆಯನ್ನು ನೋಡುತ್ತೇನೆ. ಮೊದಲ ವರ್ಷ ಅದರಲ್ಲಿ ಏನೂ ಬಿಂಬ ಬೀಳುತ್ತಿರಲಿಲ್ಲ. ಕಳೆದ ಸಲ ಹೋದಾಗ ನಾಲ್ಕು ಗಂಟೆಯ ಬಿಸಿಲಲ್ಲಿ ಕಿಟಕಿಯ ಒಂದು ಸರಳು, ಮಸುಕಾಗಿ, ಹಳೆಯ ನೆಲದಿಂದ ದಾಟಿ ಅದರ ಅಂಚಿನೊಳಕ್ಕೆ ಒಂದು ಗೇಣು ಬಂದಿತ್ತು. ಮನೆಗೆ ಬಂದು ಫೈಲ್ ತೆರೆದು, 0.55 ಇದ್ದಲ್ಲಿ 0.5 ಎಂದು ಮಾಡಿದೆ.